ಶಾರ್ಕ್‌ನ ಭಯ ಎಷ್ಟು, ಕಡಲಿನ ಅಪಾಯ ಎಲ್ಲಿ?

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ಹೊಳೆಯಲ್ಲಿ ನೀರಿಗಿಳಿದಿದ್ದ ಒಬ್ಬನ ಕಾಲಿಗೆ ಶಾರ್ಕ್ ಕಚ್ಚಿ ತೀವ್ರ ಗಾಯ ಮಾಡಿತು. 2025ರ ಏಪ್ರಿಲ್‌ನಲ್ಲಿ ಇಸ್ರೇಲಿನ ಹದೇರಾ ಎಂಬಲ್ಲಿ ಈಜಲು ಹೋದ ಒಬ್ಬ ವ್ಯಕ್ತಿ ಶಾರ್ಕ್‌ಗಳ ದಾಳಿಗೆ ಬಲಿಯಾದರು. ಈ ಎರಡೂ ಸುದ್ದಿಗಳು ನಮ್ಮ ಕರಾವಳಿಯ ಮೊಬೈಲ್‌ಗಳಲ್ಲೂ ಹರಿದಾಡಿದವು. ಇವೆರಡರ ನಡುವೆ, 2024ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅಲ್ಲಿ ಶಾರ್ಕ್ ಇರಲಿಲ್ಲ. ತೀರದ ಹತ್ತಿರದ ನೀರು ಮಾತ್ರ ಇತ್ತು.

ಈ ಮೂರು ಸುದ್ದಿಗಳಲ್ಲಿ ನಮ್ಮನ್ನು ಹೆಚ್ಚು ನಡುಗಿಸಿದ್ದು ಯಾವುದು? ನಮ್ಮ ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಾವು ಹೆಚ್ಚು ದಿನ ಮಾತನಾಡಿದ್ದು ಯಾವುದರ ಬಗ್ಗೆ? ಮುರ್ಡೇಶ್ವರದ ಮಕ್ಕಳಿಗಾಗಿ ನಾವು ಕಣ್ಣೀರು ಹಾಕಿದೆವು, ನಿಜ. ಆದರೆ ಕಡಲಿಗೆ ಇಳಿಯುವಾಗ ಮನಸ್ಸಿನಲ್ಲಿ ಮೂಡುವ ಚಿತ್ರ ಇಂದಿಗೂ ಸೆಳೆತದ್ದಲ್ಲ, ನೀರಿನ ಮೇಲೆ ಕಾಣುವ ಶಾರ್ಕ್‌ನ ಬೆನ್ನಿನ ರೆಕ್ಕೆಯದ್ದು. ಕಡಲನ್ನು ದೂರದಿಂದ ನೋಡುವ ನಮ್ಮ ಭಯಕ್ಕೂ, ಕಡಲಿನ ಆಳಕ್ಕೆ ದಿನವೂ ಇಳಿಯುವ ಡೈವರ್‌ಗಳ ಭಯಕ್ಕೂ ದೊಡ್ಡ ಅಂತರವಿದೆ. ಆ ಅಂತರದಲ್ಲಿ ನಾವು ಕಲಿಯಬೇಕಾದ ಪಾಠವಿದೆ ಎಂಬುದು ನಮ್ಮ ಅಭಿಪ್ರಾಯ.

ಅಂಕಿ-ಅಂಶಗಳು ಏನು ಹೇಳುತ್ತವೆ?

ಜಗತ್ತಿನ ಯಾವುದೇ ಮೂಲೆಯಲ್ಲಿ ಶಾರ್ಕ್ ಮನುಷ್ಯನನ್ನು ಕಚ್ಚಿದರೆ ಅದನ್ನು ಪರಿಶೀಲಿಸಿ ದಾಖಲಿಸುವ ಒಂದು ಕಡತ ಅಮೆರಿಕದ ಫ್ಲೋರಿಡಾದ ವಸ್ತುಸಂಗ್ರಹಾಲಯದಲ್ಲಿದೆ. 1958ರಲ್ಲಿ ಆರಂಭವಾದ ಈ ದಾಖಲೆಯ ಪ್ರಕಾರ, 2024ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯನು ಕೆಣಕದೆಯೇ ಶಾರ್ಕ್ ಕಚ್ಚಿದ ಪ್ರಕರಣಗಳು 47. ಅವುಗಳಲ್ಲಿ ಸಾವಿಗೀಡಾದವರು ನಾಲ್ವರು. 2023ರಲ್ಲಿ ಇಂಥ ಪ್ರಕರಣಗಳು 69, ಸಾವು 10. ವರ್ಷದಿಂದ ವರ್ಷಕ್ಕೆ ಸಂಖ್ಯೆ ಏರಿಳಿದರೂ ಅದು ಬೆರಳೆಣಿಕೆಯ ಆಚೀಚೆಯಲ್ಲೇ ನಿಲ್ಲುತ್ತದೆ. ಕಚ್ಚಿಸಿಕೊಂಡವರಲ್ಲಿ ಬಹುಪಾಲು ಜನ ನೀರಿನ ಮೇಲ್ಭಾಗದಲ್ಲಿ ಈಜುವವರು, ತೀರದಲ್ಲಿ ನೀರಾಟವಾಡುವವರು ಮತ್ತು ಅಲೆಗಳ ಮೇಲೆ ಹಲಗೆ ಹಿಡಿದು ಸಾಗುವವರು. ಆಳದಲ್ಲಿ, ಶಾರ್ಕ್‌ಗಳ ಮನೆಯಲ್ಲೇ ಇರುವ ಡೈವರ್‌ಗಳ ಪಾಲು ಸಣ್ಣದು.

ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲೇ 38 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ಕೆರೆ, ಬಾವಿ, ಹೊಳೆ, ಕಡಲು ಎಲ್ಲವೂ ಇದರಲ್ಲಿ ಸೇರಿವೆ. ಒಂದು ಕಡೆ ಜಗತ್ತಿಗೆಲ್ಲ ಸೇರಿ ನಾಲ್ಕೋ ಹತ್ತೋ ಸಾವು. ಇನ್ನೊಂದು ಕಡೆ ನಮ್ಮ ಒಂದೇ ದೇಶದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು.

ನೀರಿನಾಳಕ್ಕೆ ಇಳಿಯುವವರ ಭಯ ಯಾವುದು?

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡಿ ಬರುವುದು ಈಗ ನಮ್ಮ ಯುವಜನರಿಗೆ ಹೊಸ ವಿಷಯವಲ್ಲ. ಹಾಗೆ ಹೋಗುವ ಮಗನಿಗೋ ಮಗಳಿಗೋ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಅಲ್ಲಿ ಶಾರ್ಕ್ ಉಂಟಾ?’ ಎಂದು. ಆದರೆ ಅನುಭವಿ ಡೈವರ್ ಒಬ್ಬರು ನೀರಿಗೆ ಬೀಳುವ ಮೊದಲು ನೋಡಿಕೊಳ್ಳುವುದು ಬೇರೆಯನ್ನೇ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ? ಉಸಿರಾಟದ ಕೊಳವೆ ಸರಿಯಿದೆಯೇ? ನೀರಿನ ಸೆಳೆತ ಯಾವ ದಿಕ್ಕಿಗೆ? ಜೊತೆಗಾರ ಎಲ್ಲಿ? ಮೇಲಕ್ಕೆ ಬರುವಾಗ ದೋಣಿ ಎಲ್ಲಿ ನಿಂತಿರುತ್ತದೆ?

ಇದು ಬರೀ ಅಭ್ಯಾಸದ ಮಾತಲ್ಲ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗೆ ಹವ್ಯಾಸಿ ಡೈವಿಂಗ್‌ನಲ್ಲಿ ನಡೆದ 947 ಸಾವುಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಪ್ರಕಟಿಸಿದರು. ಅವಘಡ ಹೇಗೆ ಶುರುವಾಯಿತೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇಕಡಾ 41ರಲ್ಲಿ ಗಾಳಿ ಮುಗಿದದ್ದು, ಶೇಕಡಾ 20ರಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡದ್ದು, ಶೇಕಡಾ 15ರಲ್ಲಿ ಉಪಕರಣದ ತೊಂದರೆ ಮೊದಲ ಕಾರಣವಾಗಿತ್ತು. ಹೃದಯದ ಕಾಯಿಲೆಯನ್ನು ಲೆಕ್ಕಿಸದೆ ನೀರಿಗಿಳಿದವರೂ ಸತ್ತವರಲ್ಲಿ ಸಾಕಷ್ಟು ಮಂದಿ. ಗಾಬರಿಯಿಂದ ಉಸಿರು ಕಟ್ಟಿಕೊಂಡು ಸರ್ರನೆ ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೇ ಹಾನಿಯಾಗುತ್ತದೆ. ಕಡಲ ಪ್ರಾಣಿಗಳು ಈ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತವೆ.

ಹಾಗೆಂದು ಡೈವರ್‌ಗಳು ಪ್ರಾಣಿಗಳಿಗೆ ಹೆದರುವುದೇ ಇಲ್ಲವೆಂದಲ್ಲ. ಅವರ ಹೆದರಿಕೆಯ ಪಟ್ಟಿ ಬೇರೆ. ಕಲ್ಲಿನಂತೆಯೇ ಕಾಣುತ್ತಾ ತಳದಲ್ಲಿ ಅಲುಗಾಡದೆ ಬಿದ್ದಿರುವ ವಿಷಮುಳ್ಳಿನ ಕಲ್ಲುಮೀನು, ಮರಳಿನಲ್ಲಿ ಹುದುಗಿರುವ ತೊರಕೆ, ಕಾಣದಷ್ಟು ತೆಳ್ಳಗಿನ ಎಳೆಗಳ ಲೋಳೆಮೀನು ಇವುಗಳ ಬಗ್ಗೆ ಅವರು ಜಾಗರೂಕರು. ಹವಳದ ದಿಬ್ಬಗಳಲ್ಲಿ ಟೈಟನ್ ಟ್ರಿಗರ್ ಎಂಬ ಮೀನಿದೆ. ಮೊಟ್ಟೆ ಇಟ್ಟ ಕಾಲದಲ್ಲಿ ಅದು ತನ್ನ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ನೀರನ್ನೆಲ್ಲ ತನ್ನದೆಂದು ಭಾವಿಸಿ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಆಗ ಮೇಲಕ್ಕಲ್ಲ, ಅಡ್ಡಕ್ಕೆ ಈಜಿ ದೂರ ಸರಿಯಬೇಕೆಂದು ಡೈವರ್‌ಗಳಿಗೆ ಕಲಿಸಲಾಗುತ್ತದೆ.

ಶಾರ್ಕ್ ವಿಷಯದಲ್ಲೂ ಅವರಿಗೆ ಭಾಷೆ ಗೊತ್ತಿದೆ. ಬೂದು ಬಣ್ಣದ ರೀಫ್ ಶಾರ್ಕ್ ಕೋಪಗೊಂಡರೆ ಬೆನ್ನು ಬಾಗಿಸಿ, ಎದೆಯ ಪಕ್ಕದ ರೆಕ್ಕೆಗಳನ್ನು ಕೆಳಕ್ಕೆ ಚಾಚಿ, ಮೈಯನ್ನು ಅತಿಯಾಗಿ ಆಡಿಸುತ್ತಾ ಈಜುತ್ತದೆ. ‘ನೀನು ಹತ್ತಿರ ಬಂದೆ, ಹಿಂದೆ ಸರಿ’ ಎಂಬುದು ಅದರ ಎಚ್ಚರಿಕೆ. ಅದನ್ನು ಓದಬಲ್ಲವರು ಕೈಕಾಲು ಬಡಿಯದೆ, ಶಾರ್ಕ್ ಕಡೆಗೇ ಮುಖ ಮಾಡಿ, ಜೊತೆಗಾರನ ಪಕ್ಕಕ್ಕೆ ಸರಿದು ನಿಧಾನವಾಗಿ ಹಿಂದಿರುಗುತ್ತಾರೆ. ಮನೆಯ ನಾಯಿ ಗುರ್ ಎಂದರೆ ನಾವು ಏನು ಮಾಡುತ್ತೇವೆಯೋ ಅದೇ.

ಆಸ್ಟ್ರೇಲಿಯಾ ಕಲಿಸಿದ ಪಾಠ

ಈ ತಿಳಿವಳಿಕೆ ಡೈವರ್‌ಗಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರೂ ಒಂದು ಕಾಲಕ್ಕೆ ನಮ್ಮಂತೆಯೇ ಇದ್ದರು, ಇನ್ನೂ ಕೆಟ್ಟದಾಗಿಯೇ ಇದ್ದರು. 1956ರಲ್ಲಿ ಬಂದ ಫ್ರೆಂಚ್ ಸಾಗರತಜ್ಞ ಜಾಕ್ ಕೂಸ್ಟೋ ಅವರ ಹೆಸರಾಂತ ಸಾಕ್ಷ್ಯಚಿತ್ರದಲ್ಲಿ, ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ಹಡಗಿನವರು ರೋಷದಿಂದ ಕೊಲ್ಲುವ ದೃಶ್ಯವಿದೆ. ಆ ಮರಿ ಗಾಯಗೊಂಡದ್ದು ಅವರದೇ ಹಡಗಿನ ಚಕ್ರಕ್ಕೆ ಸಿಕ್ಕಿ. ಆ ಕಾಲದಲ್ಲಿ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ.

ಅದೇ ಕಾಲಕ್ಕೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ‘ಗ್ರೇ ನರ್ಸ್’ ಎಂಬ ಶಾರ್ಕ್ ಹೇರಳವಾಗಿತ್ತು. ಬಾಯಿ ಮುಚ್ಚಿದರೂ ಹೊರಗೆ ಕಾಣುವ ವಕ್ರ ಹಲ್ಲುಗಳು ಅದರ ಗುರುತು. ನೋಡಿದರೆ ನರಭಕ್ಷಕ ಎನ್ನಿಸದಿರದು. ನಿಜದಲ್ಲಿ ಅದು ಮೀನು ತಿಂದು ಬದುಕುವ ಮಂದಗತಿಯ ಪ್ರಾಣಿ. ಆದರೆ 1950, 60ರ ದಶಕಗಳಲ್ಲಿ ಈಟಿ ಹಿಡಿದು ಮೀನು ಬೇಟೆಯಾಡುವ ಡೈವರ್‌ಗಳು ಇದನ್ನು ಮನುಷ್ಯರ ಶತ್ರುವೆಂದು ಬಗೆದು, ಈಟಿಯ ತುದಿಗೆ ಸಿಡಿಗುಂಡು ಕಟ್ಟಿ ನೂರುಗಟ್ಟಲೆ ಕೊಂದರು. ಕೊಂದವರು ಊರಿನಲ್ಲಿ ವೀರರೆನಿಸಿಕೊಂಡರು. ಈ ಶಾರ್ಕ್ ಎರಡು ವರ್ಷಕ್ಕೊಮ್ಮೆ ಹೆರುವುದು ಎರಡೇ ಮರಿ. ಹೋದದ್ದು ತುಂಬಿಕೊಳ್ಳಲು ಅದಕ್ಕೆ ಸಾಧ್ಯವೇ ಆಗಲಿಲ್ಲ. ಕೊನೆಗೆ ಎಚ್ಚೆತ್ತ ನ್ಯೂ ಸೌತ್ ವೇಲ್ಸ್ ಸರಕಾರ 1984ರಲ್ಲಿ ಅದನ್ನು ಕೊಲ್ಲುವುದನ್ನು ನಿಷೇಧಿಸಿತು. ಕಾನೂನಿನ ರಕ್ಷಣೆ ಪಡೆದ ಜಗತ್ತಿನ ಮೊದಲ ಶಾರ್ಕ್ ಅದು. ನಾಲ್ಕು ದಶಕ ಕಳೆದರೂ ಅಲ್ಲಿ ಅದು ಅಳಿವಿನಂಚಿನಿಂದ ಈಚೆಗೆ ಬಂದಿಲ್ಲ. ತಪ್ಪು ಭಯ ಒಂದು ಜೀವಜಾತಿಯನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಗಮನಿಸಬೇಕಾದ ಸಂಗತಿಯೆಂದರೆ, ಆ ರಕ್ಷಣೆಗಾಗಿ ದನಿ ಎತ್ತಿದವರಲ್ಲಿ ಮುಂಚೂಣಿಯಲ್ಲಿದ್ದ ರಾನ್ ಮತ್ತು ವ್ಯಾಲರಿ ಟೇಲರ್ ದಂಪತಿ ಮೊದಲು ಸ್ವತಃ ಈಟಿ ಬೇಟೆಯ ಸ್ಪರ್ಧಿಗಳಾಗಿದ್ದವರು. ನೀರಿನಲ್ಲಿ ಹೆಚ್ಚು ಹೊತ್ತು ಕಳೆದಂತೆ, ಶಾರ್ಕ್‌ಗಳು ತಮ್ಮ ಪಾಡಿಗೆ ಇರುವುದನ್ನು ಕಂಡಂತೆ, ಅವರು ಈಟಿ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡರು.

ಇನ್ನೂ ಅಚ್ಚರಿಯ ಕಥೆ ರಾಡ್ನಿ ಫಾಕ್ಸ್ ಅವರದ್ದು. 1963ರ ಡಿಸೆಂಬರ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಆಲ್ಡಿಂಗಾ ಎಂಬಲ್ಲಿ ಈಟಿ ಬೇಟೆಯ ಸ್ಪರ್ಧೆಯ ನಡುವೆ ದೊಡ್ಡ ಬಿಳಿ ಶಾರ್ಕ್ ಅವರ ಎದೆ-ಹೊಟ್ಟೆಯ ಭಾಗವನ್ನೇ ಬಾಯಿಗೆ ಹಾಕಿಕೊಂಡಿತು. ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ಗಾಯವಾಗಿ, ಒಟ್ಟು 462 ಹೊಲಿಗೆ ಬಿದ್ದವು. ಬದುಕಿದ್ದೇ ಪವಾಡ. ಹಾಗೆ ಕಚ್ಚಿಸಿಕೊಂಡವರು ಮುಂದೆ ಶಾರ್ಕ್‌ಗಳ ಮೇಲೆ ಸೇಡು ತೀರಿಸಿಕೊಂಡರೇ? ಇಲ್ಲ. ಪಂಜರದೊಳಗೆ ನಿಂತು ಬಿಳಿ ಶಾರ್ಕ್‌ಗಳನ್ನು ಹತ್ತಿರದಿಂದ ನೋಡುವ ವ್ಯವಸ್ಥೆಯನ್ನು ರೂಪಿಸಿ, ವಿಜ್ಞಾನಿಗಳಿಗೂ ಚಿತ್ರ ತೆಗೆಯುವವರಿಗೂ ದಾರಿ ಮಾಡಿಕೊಟ್ಟರು. ಬಿಳಿ ಶಾರ್ಕ್‌ಗಳ ಪರವಾಗಿ ಊರೂರಿನಲ್ಲಿ ಮಾತನಾಡಿದರು. ಮೈಮೇಲಿನ ಗಾಯದ ಗುರುತು ಅವರಿಗೆ ದ್ವೇಷ ಕಲಿಸಲಿಲ್ಲ, ‘ಇದು ಯಾಕೆ ಹೀಗೆ ಮಾಡಿತು’ ಎಂಬ ಪ್ರಶ್ನೆ ಕಲಿಸಿತು.

ಇದೇ ಫಾಕ್ಸ್ ಮತ್ತು ಟೇಲರ್ ದಂಪತಿಯ ನೆರವಿನಿಂದಲೇ 1975ರ ‘ಜಾಸ್’ ಚಲನಚಿತ್ರಕ್ಕೆ ನಿಜವಾದ ಶಾರ್ಕ್‌ಗಳ ದೃಶ್ಯಗಳನ್ನು ಚಿತ್ರಿಸಲಾಗಿತ್ತು. ಆ ಚಿತ್ರ ಇಡೀ ಜಗತ್ತಿಗೆ ಶಾರ್ಕ್‌ನ ಭಯ ಹಂಚಿತು. ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ತಮ್ಮ ಕಡೆಯ ವರ್ಷಗಳನ್ನು ಶಾರ್ಕ್ ಸಂರಕ್ಷಣೆಗೇ ಮೀಸಲಿಟ್ಟರು. ಚಿತ್ರದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಕೂಡ 2022ರಲ್ಲಿ, ಪುಸ್ತಕ ಮತ್ತು ಚಿತ್ರದಿಂದಾಗಿ ಶಾರ್ಕ್‌ಗಳಿಗೆ ಆದ ಹಾನಿಯ ಬಗ್ಗೆ ತಮಗೆ ವಿಷಾದವಿದೆ ಎಂದು ಹೇಳಿದರು. ಆದರೆ ಬಿತ್ತಿದ ಭಯವನ್ನು ಕಿತ್ತು ತೆಗೆಯುವುದು ಸುಲಭವಲ್ಲ.

ಕೊಲ್ಲುವುದೇ ಪರಿಹಾರವೇ?

ಈ ಭಯ ಸರಕಾರದ ಕಡತಕ್ಕೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ತೋರಿಸಿತು. ಅಲ್ಲಿ 2010ರಿಂದ 2013ರವರೆಗೆ ಏಳು ಮಂದಿ ಶಾರ್ಕ್ ದಾಳಿಯಲ್ಲಿ ಸತ್ತಿದ್ದರು. ಜನರ ಆತಂಕ ಸಹಜವಾಗಿತ್ತು. ಸರಕಾರ ಪರ್ತ್ ನಗರದ ಮತ್ತು ನೈಋತ್ಯ ಕರಾವಳಿಯ ಬೀಚುಗಳ ಹೊರಗೆ ದೊಡ್ಡ ಗಾಳಗಳಿಗೆ ಮಾಂಸ ಸಿಕ್ಕಿಸಿ ತೇಲಿಬಿಟ್ಟಿತು. ಮೂರು ಮೀಟರ್‌ಗಿಂತ ಉದ್ದದ ಅಪಾಯಕಾರಿ ಜಾತಿಯ ಶಾರ್ಕ್‌ಗಳನ್ನು ಗುಂಡಿಟ್ಟು ಕೊಲ್ಲುವುದು ಯೋಜನೆ.

ಫಲಿತಾಂಶ ಏನಾಯಿತು? ಸಿಕ್ಕಿದ ಶಾರ್ಕ್‌ಗಳು 172. ಗುಂಡಿಗೆ ಬಲಿಯಾದವು 68. ಹೆಚ್ಚಿನವು ಹುಲಿ ಶಾರ್ಕ್‌ಗಳು. ಆ ಸಾವುಗಳಿಗೆ ಮುಖ್ಯ ಕಾರಣವೆಂದು ಬೆರಳು ತೋರಿಸಲಾಗಿದ್ದ ದೊಡ್ಡ ಬಿಳಿ ಶಾರ್ಕ್ ಒಂದೇ ಒಂದು ಕೂಡ ಸಿಗಲಿಲ್ಲ. ಆ ರಾಜ್ಯದ ಪರಿಸರ ಪ್ರಾಧಿಕಾರವೇ ಯೋಜನೆಯನ್ನು ಮುಂದುವರಿಸುವುದು ಬೇಡವೆಂದು ಸಲಹೆ ನೀಡಿತು. ಇದರ ವಿರುದ್ಧ ಕಾಟೆಸ್ಲೋ ಬೀಚಿನಲ್ಲಿ ಸಾವಿರಾರು ಜನ ಸೇರಿದರು. ಅವರಲ್ಲಿ ದಿನವೂ ಅದೇ ನೀರಿಗೆ ಇಳಿಯುವ ಡೈವರ್‌ಗಳೂ ಅಲೆಯ ಮೇಲೆ ಆಡುವವರೂ ಇದ್ದರು. ಅಪಾಯ ಯಾರ ಹತ್ತಿರವಿತ್ತೋ ಅವರಲ್ಲೇ ಹಲವರು ಕೊಲ್ಲಬೇಡಿ ಎಂದರು. ಇದು ಯೋಚಿಸಬೇಕಾದ ವಿಷಯವಲ್ಲವೇ?

ಸಲಿಗೆಯೂ ಅಪಾಯವೇ

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಭಯವಿಲ್ಲದಿರುವುದು ತಿಳಿವಳಿಕೆಯ ಲಕ್ಷಣವೆಂದು ಯಾರಾದರೂ ಭಾವಿಸಿದರೆ ಅದೂ ತಪ್ಪೇ. ದೂರದಲ್ಲಿರುವವರ ಭಯ ಅತಿಯಾದರೆ, ಹತ್ತಿರ ಇರುವವರ ಸಲಿಗೆ ಅತಿಯಾಗುತ್ತದೆ.

ಹದೇರಾದ ಘಟನೆಯನ್ನೇ ನೋಡಿ. ಅಲ್ಲಿನ ವಿದ್ಯುತ್ ಸ್ಥಾವರದಿಂದ ಹೊರಬರುವ ಬೆಚ್ಚನೆಯ ನೀರಿಗಾಗಿ ಪ್ರತಿ ಚಳಿಗಾಲದಲ್ಲೂ ಶಾರ್ಕ್‌ಗಳು ಗುಂಪುಗೂಡುತ್ತವೆ. ವರ್ಷಗಟ್ಟಲೆ ಅವು ಯಾರಿಗೂ ಏನೂ ಮಾಡಿರಲಿಲ್ಲ. ಹಾಗಾಗಿ ಜನ ಹತ್ತಿರ ಹೋದರು, ಮೀನು ಎಸೆದರು, ಬಾಲ ಮುಟ್ಟಿದರು. ಕಾಡುಪ್ರಾಣಿಗೆ ಮನುಷ್ಯನೆಂದರೆ ಆಹಾರ ಎಂಬ ಸಂಬಂಧ ಕಲಿಸಿದರೆ ಅದರ ಬೆಲೆ ತೆರಬೇಕಾದವರು ಯಾರೋ ಒಬ್ಬರು. 2010ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಕೆಲವೇ ದಿನಗಳಲ್ಲಿ ಸರಣಿ ದಾಳಿ ನಡೆದು ಜರ್ಮನಿಯ ಪ್ರವಾಸಿ ಮಹಿಳೆಯೊಬ್ಬರು ಸತ್ತಾಗಲೂ, ಪ್ರವಾಸಿಗರಿಗೆ ತೋರಿಸಲು ಶಾರ್ಕ್‌ಗಳಿಗೆ ಆಹಾರ ಹಾಕುವ ಅಭ್ಯಾಸ ಮತ್ತು ಹಡಗಿನಿಂದ ಕಡಲಿಗೆಸೆದ ಕುರಿಗಳ ಕಳೇಬರಗಳನ್ನು ತಜ್ಞರು ಕಾರಣಗಳಾಗಿ ಹೆಸರಿಸಿದ್ದರು.

ಮೊಸಳೆ, ಹಾವುಗಳೊಂದಿಗೆ ಜೀವನವನ್ನೇ ಕಳೆದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ಹೊಕ್ಕು. ತೊರಕೆ ದಾಳಿ ಮಾಡುವ ಪ್ರಾಣಿಯಲ್ಲ. ಆಳವಿಲ್ಲದ ನೀರಿನಲ್ಲಿ ಬಹಳ ಹತ್ತಿರ ಬಂದದ್ದಕ್ಕೆ ಅದು ತನ್ನನ್ನು ಕಾಪಾಡಿಕೊಂಡಿತು ಅಷ್ಟೆ. 2010ರ ಏಪ್ರಿಲ್‌ನಲ್ಲಿ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ನೀರಿನ ಮೇಲೆ ತೇಲುತ್ತಾ ಮೀನು ನೋಡುತ್ತಿದ್ದ ಅಮೆರಿಕದ ಯುವತಿಯೊಬ್ಬಳನ್ನು ಮೊಸಳೆ ಎಳೆದೊಯ್ದಿತು. ಉಪ್ಪುನೀರಿನ ಮೊಸಳೆ ಶಾರ್ಕ್‌ನಂತಲ್ಲ. ಅದು ಮನುಷ್ಯನನ್ನು ಬೇಟೆಯೆಂದೇ ನೋಡಬಲ್ಲದು. ಅಂಥ ನೀರಿನಲ್ಲಿ ಅನುಭವಿ ಡೈವರ್ ಕೂಡ ಇಳಿಯುವುದಿಲ್ಲ.

ಆದ್ದರಿಂದ ‘ಹೆದರಬೇಡಿ’ ಎಂಬುದು ಡೈವರ್‌ಗಳ ಪಾಠವಲ್ಲ. ಯಾವುದಕ್ಕೆ, ಎಲ್ಲಿ, ಎಷ್ಟು ಹೆದರಬೇಕೆಂದು ತಿಳಿದುಕೊಳ್ಳಿ ಎಂಬುದೇ ಅವರ ಪಾಠ.

ನಮ್ಮ ಮನಸ್ಸಿನ ತಕ್ಕಡಿ

ನಮ್ಮ ಮನಸ್ಸು ಅಪಾಯವನ್ನು ತೂಗುವ ತಕ್ಕಡಿ ಯಾಕೆ ಹೀಗೆ ಓರೆಯಾಗುತ್ತದೆ? ಈ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಬರೆದ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಜನಸಾಮಾನ್ಯರು ಅಪಾಯವನ್ನು ಸಾವಿನ ಸಂಖ್ಯೆಯಿಂದ ಮಾತ್ರ ಅಳೆಯುವುದಿಲ್ಲ. ಎದೆ ನಡುಗಿಸುವಂಥದ್ದು, ನಮ್ಮ ಹಿಡಿತಕ್ಕೆ ಸಿಗದ್ದು, ಕಣ್ಣಿಗೆ ಕಾಣದ್ದು ನಮಗೆ ದೊಡ್ಡದಾಗಿ ತೋರುತ್ತದೆ. ದಿನನಿತ್ಯದ್ದು, ನಾವೇ ಆರಿಸಿಕೊಂಡದ್ದು ಸಣ್ಣದಾಗಿ ತೋರುತ್ತದೆ. ಜೊತೆಗೆ, ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚು ನಡೆಯುತ್ತದೆ ಎಂದು ಮನಸ್ಸು ಭಾವಿಸುತ್ತದೆ. ಶಾರ್ಕ್ ಕಚ್ಚಿದರೆ ಸುದ್ದಿ ಏಳು ಸಮುದ್ರ ದಾಟುತ್ತದೆ. ಊರಿನ ಹುಡುಗ ಅಳಿವೆಯಲ್ಲಿ ಮುಳುಗಿದರೆ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು.

ನೆಲದ ಮೇಲೂ ಇದೇ ಕಥೆ. ಚಿರತೆ ಊರಿಗೆ ಬಂದರೆ ಟಿ.ವಿ. ವಾಹನಗಳು ಬರುತ್ತವೆ. ಆದರೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯ ಬಡ ಕೃಷಿಕರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿದ್ದು ಸ್ವಾಗತಾರ್ಹ ಹೆಜ್ಜೆ. ಎಣಿಸದ ಸಾವಿಗೆ ಯಾರೂ ಹೆದರುವುದಿಲ್ಲ, ಹೆದರದಿದ್ದರೆ ಯಾರೂ ತಡೆಯುವುದೂ ಇಲ್ಲ.

ನಮ್ಮ ಮೀನುಗಾರರು ಬಲೆಯಿಂದ ಮೀನು ಬೇರ್ಪಡಿಸುವಾಗ ಕಡಲಹಾವು ಸಿಗುವುದು ಸಾಮಾನ್ಯ. ಅದು ಕಚ್ಚುವುದು ಕಡಿಮೆ, ಆದರೆ ಕಚ್ಚಿದರೆ ಪ್ರಾಣಾಂತಿಕ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಸಾಮಾನ್ಯ ಪ್ರತಿವಿಷ ತಯಾರಾಗಿರುವುದು ನಾಲ್ಕು ಬಗೆಯ ನೆಲದ ಹಾವುಗಳಿಗೆ ಮಾತ್ರ. ಕಡಲಹಾವಿಗೆ ಅದರಲ್ಲಿ ಮದ್ದಿಲ್ಲ. ದುಡಿಯುವ ಮೀನುಗಾರನ ಈ ಅಪಾಯದ ಬಗ್ಗೆ ಯಾವ ಸಿನಿಮಾವೂ ಬಂದಿಲ್ಲ.

ಯಾರು ಯಾರಿಗೆ ಹೆದರಬೇಕು?

ಈಗ ತಕ್ಕಡಿಯ ಇನ್ನೊಂದು ಬದಿ. ನಾವು ಶಾರ್ಕ್‌ಗೆ ಹೆದರುತ್ತೇವೆ. ಶಾರ್ಕ್‌ಗೆ ನಾವೇನು? 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಮೀನುಗಾರಿಕೆಯಲ್ಲಿ ಸಾಯುವ ಶಾರ್ಕ್‌ಗಳ ಸಂಖ್ಯೆ 2012ರಲ್ಲಿ ವರ್ಷಕ್ಕೆ ಕನಿಷ್ಠ 7.6 ಕೋಟಿ ಇದ್ದದ್ದು 2019ರ ಹೊತ್ತಿಗೆ 8 ಕೋಟಿಗೆ ಏರಿತು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ ಅರ್ಧ ಶತಮಾನದಲ್ಲಿ ಶೇಕಡಾ 71ರಷ್ಟು ಕುಸಿದಿದೆ ಎಂದು 2021ರ ಇನ್ನೊಂದು ಅಧ್ಯಯನ ಹೇಳಿತು. ಅವರ ಲೆಕ್ಕ ನಾಲ್ಕು, ನಮ್ಮ ಲೆಕ್ಕ ಎಂಟು ಕೋಟಿ. ಪಾಲ್ಘರ್‌ನಲ್ಲಿ ಕಚ್ಚಿದ ಶಾರ್ಕ್ ಕೂಡ ಕೊನೆಗೆ ಸತ್ತು ಸಿಕ್ಕಿತು.

ನಾವು ಕರಾವಳಿಯವರು ಈ ಲೆಕ್ಕದ ಹೊರಗಿನವರಲ್ಲ. ತಾಟೆ, ಕೊಂಕಣಿಯಲ್ಲಿ ‘ಮೊರಿ’ ಎಂದು ಕರೆಯುವ ಸಣ್ಣ ಶಾರ್ಕ್ ನಮ್ಮ ಅಡುಗೆಮನೆಗೆ ಹೊಸತಲ್ಲ. ಬಾಣಂತಿಗೆ ಒಳ್ಳೆಯದೆಂದು ಹಿರಿಯರು ಹೇಳುತ್ತಾ ಬಂದದ್ದೂ ಉಂಟು. ಮೀನುಗಾರನ ಅನ್ನದ ಪ್ರಶ್ನೆಯನ್ನು ಮರೆತು ಇಲ್ಲಿ ಯಾರೂ ಉಪದೇಶ ಮಾಡಬಾರದು. ಹೆಚ್ಚಿನ ಶಾರ್ಕ್‌ಗಳು ಬೇರೆ ಮೀನಿಗೆಂದು ಹಾಕಿದ ಬಲೆಗೆ ತಾವಾಗಿ ಬೀಳುವಂಥವು. ಆದರೆ ಕಾನೂನು ಏನು ಹೇಳುತ್ತದೆಂದು ನಮ್ಮ ಬೋಟಿನವರಿಗೆ ತಿಳಿದಿರಬೇಕು. ತಿಮಿಂಗಿಲ ಶಾರ್ಕ್‌ಗೆ 2001ರಿಂದಲೇ ವನ್ಯಜೀವಿ ಕಾಯಿದೆಯ ಅತ್ಯುನ್ನತ ರಕ್ಷಣೆಯಿದೆ. ರೆಕ್ಕೆ ಮಾತ್ರ ಕತ್ತರಿಸಿ ದೇಹವನ್ನು ಕಡಲಿಗೆ ಎಸೆಯುವುದನ್ನು 2013ರಲ್ಲಿ ನಿಷೇಧಿಸಲಾಯಿತು. 2015ರಲ್ಲಿ ರೆಕ್ಕೆಗಳ ರಫ್ತಿಗೂ ನಿಷೇಧ ಬಂತು. ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯಿಂದ ರಕ್ಷಿತ ಶಾರ್ಕ್ ಮತ್ತು ತೊರಕೆಗಳ ಪಟ್ಟಿ ಇನ್ನಷ್ಟು ಬೆಳೆದಿದೆ.

ಕಾನೂನಿಗಿಂತ ಹೆಚ್ಚಾಗಿ ಮನಸ್ಸು ಬದಲಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಗುಜರಾತಿನ ವೆರಾವಲ್ ಸುತ್ತಮುತ್ತ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್‌ಗಳನ್ನು ಯಕೃತ್ತಿನ ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲಲಾಗುತ್ತಿತ್ತು. ಜಗತ್ತಿನ ಅತಿ ದೊಡ್ಡ ಮೀನಾದರೂ ಅದು ಸೋಸಿ ತಿನ್ನುವುದು ಸಣ್ಣ ಜೀವಿಗಳನ್ನು. 2004ರಲ್ಲಿ ಆರಂಭವಾದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಅದನ್ನು ‘ವ್ಹಾಲಿ’, ಅಂದರೆ ಪ್ರೀತಿಯ ಮಗಳು, ಹೆರಿಗೆಗೆ ತವರಿಗೆ ಬಂದವಳು ಎಂದು ಕರೆದರು. ಮನೆಗೆ ಬಂದ ಮಗಳನ್ನು ಯಾರಾದರೂ ಕೊಲ್ಲುವುದುಂಟೇ? ಹರಿದ ಬಲೆಗೆ ಸರಕಾರ ಪರಿಹಾರ ಕೊಟ್ಟಿತು. ಅದೇ ಮೀನುಗಾರರು ಅಂದಿನಿಂದ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ತಮ್ಮ ಬಲೆ ಕತ್ತರಿಸಿ ಕಡಲಿಗೆ ಬಿಟ್ಟಿದ್ದಾರೆ. ಗೌರವದ ಮಾತು ಮತ್ತು ನಷ್ಟಕ್ಕೆ ಪರಿಹಾರ, ಎರಡೂ ಜೊತೆಗೂಡಿದಾಗ ಬದಲಾವಣೆ ಸಾಧ್ಯವಾಯಿತು ಎಂಬುದನ್ನು ನಾವು ಮರೆಯಬಾರದು.

ನಾವೇನು ಮಾಡಬಹುದು?

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಬೀಚುಗಳಿಗೆ ಪ್ರವಾಸಗಳು ಶುರು. ಶಾಲೆಗಳು ಮಾತ್ರವಲ್ಲ, ನಮ್ಮ ಯುವ ಸಂಘಟನೆಗಳು, ವೇದಿ ಸೇವಕ ಮಕ್ಕಳು, ಕ್ರೈಸ್ತ ಶಿಕ್ಷಣದ ತರಗತಿಗಳು, ವಾಳೆಯ ಕುಟುಂಬಗಳು ಎಲ್ಲರೂ ಹೋಗುವವರೇ. ಡೈವರ್‌ಗಳ ಶಿಸ್ತಿನಿಂದ ಕೆಲವು ವಿಷಯಗಳನ್ನು ನಾವು ಹಾಗೆಯೇ ಎತ್ತಿಕೊಳ್ಳಬಹುದು.

ಒಂದು, ಜೊತೆಗಾರ ಪದ್ಧತಿ. ಡೈವರ್ ಎಂದೂ ಒಬ್ಬನೇ ಇಳಿಯುವುದಿಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿಸಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಎಣಿಸಬೇಕು. ದಡದಲ್ಲಿ ಮೊಬೈಲ್ ನೋಡದೆ ನೀರನ್ನೇ ನೋಡುವ ಇಬ್ಬರು ಹಿರಿಯರು ಇರಲೇಬೇಕು.

ಎರಡು, ಇಳಿಯುವ ಮೊದಲು ಕೇಳುವುದು. ಕಡಲನ್ನು ಬಲ್ಲವರು ಅಲ್ಲಿನ ಮೀನುಗಾರರು ಮತ್ತು ಜೀವರಕ್ಷಕರು. ‘ಇವತ್ತು ಇಳಿಯಬಹುದಾ?’ ಎಂದು ಅವರನ್ನು ಕೇಳಿ. ಬೇಡವೆಂದರೆ ಬೇಡ. ಕೆಂಪು ಬಾವುಟ ಕಂಡರೆ ವಾದ ಬೇಡ. ಅಳಿವೆ ಬಾಗಿಲು, ಬಂಡೆಗಳ ಪಕ್ಕ ನೀರಾಟಕ್ಕೆ ಜಾಗವಲ್ಲ.

ಮೂರು, ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಈಜಲು ಹೋಗಿ ಬಲ ಕಳೆದುಕೊಳ್ಳಬಾರದು. ತೇಲುತ್ತಾ ಕೈ ಎತ್ತಿ ಕೂಗಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಮುಳುಗುತ್ತಿರುವವರ ಕಡೆಗೆ ಹಗ್ಗ, ಖಾಲಿ ಕ್ಯಾನ್ ಎಸೆಯಬೇಕೇ ಹೊರತು ಈಜು ಬಾರದವರು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಉದಾಹರಣೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ನಾಲ್ಕು, ಪ್ರಾಣಿಗಳ ಬಗ್ಗೆ ಎಚ್ಚರ. ಆಳವಿಲ್ಲದ ಮರಳಿನಲ್ಲಿ ನಡೆಯುವಾಗ ಕಾಲು ಎಳೆದುಕೊಂಡು ನಡೆದರೆ ತೊರಕೆ ತಾನಾಗಿ ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ 45 ಡಿಗ್ರಿ ಮೀರದ, ಚರ್ಮ ತಡೆಯುವಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಇಟ್ಟು ನೋವು ತಗ್ಗಿಸಿ ಆಸ್ಪತ್ರೆಗೆ ಹೋಗಬೇಕು. ಎದೆ, ಹೊಟ್ಟೆಗೆ ಚುಚ್ಚಿದ ಮುಳ್ಳನ್ನು ಕೀಳಬಾರದು. ಲೋಳೆಮೀನು ತಾಗಿದರೆ ಉಜ್ಜಬಾರದು, ಕಡಲ ನೀರಿನಿಂದಲೇ ತೊಳೆಯಬೇಕು. ಯಾವ ಪ್ರಾಣಿಯನ್ನೂ ಮುಟ್ಟಬಾರದು, ಯಾವುದಕ್ಕೂ ತಿನಿಸು ಹಾಕಬಾರದು.

ಐದು, ಸ್ಕೂಬಾಕ್ಕೆ ಹೋಗುವವರು ಹೃದಯ, ಉಬ್ಬಸದ ತೊಂದರೆಯನ್ನು ಮುಚ್ಚಿಡಬಾರದು. ಕೊಟ್ಟ ಅರ್ಜಿಗೆ ಓದದೆ ಸಹಿ ಹಾಕುವುದು ನಮ್ಮವರ ಹಳೆಯ ಚಾಳಿ. ಆಳದ ನೀರಿನಲ್ಲಿ ಅದು ನಡೆಯುವುದಿಲ್ಲ.

ಮಕ್ಕಳಿಗೆ ಈಜು ಕಲಿಸುವುದು ಇವೆಲ್ಲಕ್ಕಿಂತ ಮೊದಲ ಕೆಲಸ. ಕಡಲ ತೀರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲೇ ಈಜು ಬಾರದವರು ಎಷ್ಟು ಮಂದಿ ಎಂದು ಪ್ರತಿ ವಾಳೆಯ ಗುರಿಕಾರರು ಒಮ್ಮೆ ಎಣಿಸಿ ನೋಡಲಿ. ಆ ಸಂಖ್ಯೆ ಶಾರ್ಕ್‌ಗಿಂತ ಹೆಚ್ಚು ನಮ್ಮನ್ನು ಹೆದರಿಸಬೇಕು. ಬರುವ ಡಿಸೆಂಬರ್‌ಗೆ ಮೊದಲು ಆ ಸಂಖ್ಯೆಯನ್ನು ಸ್ವಲ್ಪವಾದರೂ ಇಳಿಸಲು ನಮ್ಮಿಂದ ಖಂಡಿತ ಸಾಧ್ಯ.